'ಪಾಳುಭೂಮಿ' ಅನ್ನೋದು ಯಾರ ಪದ? ಜಗಳೂರಿನಲ್ಲಿ ಕೂತು ಪರಿಸರ ಓದೋದು ಹೇಗೆ?

ಪರಿಸರದ ಪುಸ್ತಕ ಅಂದ ಕೂಡಲೇ ನೆನಪಾಗೋದು ಪೂರ್ಣಚಂದ್ರ ತೇಜಸ್ವಿಯವರ 'ಪರಿಸರದ ಕತೆ', ಬಿಜಿಎಲ್ ಸ್ವಾಮಿಯವರ 'ಹಸುರು ಹೊನ್ನು'. ಎರಡೂ ಓದಲೇಬೇಕಾದವು. ಆದರೆ ಎರಡರಲ್ಲೂ ಹೆಚ್ಚಾಗಿ ಇರುವುದು ಮಲೆನಾಡು, ಪಶ್ಚಿಮಘಟ್ಟ. ದಾವಣಗೆರೆ ಜಿಲ್ಲೆಯ ಜಗಳೂರಿನಂಥ ಬರದ ತಾಲೂಕಿನಲ್ಲಿ ಕೂತು ಓದುವವರಿಗೆ ಒಂದು ಪ್ರಶ್ನೆ ಉಳಿಯುತ್ತೆ: ನಮ್ಮೂರಲ್ಲಿ 'ಪರಿಸರ' ಇದೆಯಾ?

ಇದು ಬರೀ ಓದಿನ ಪ್ರಶ್ನೆ ಅಲ್ಲ, ರಾಜಕೀಯದ ಪ್ರಶ್ನೆ.

ಒಂದೇ ನೆಲ, ಎರಡು ಹೆಸರು

ಕೇಂದ್ರ ಸರ್ಕಾರದ 'ವೇಸ್ಟ್‌ಲ್ಯಾಂಡ್ ಅಟ್ಲಾಸ್' ತೆಗೆದು ನೋಡಿ. ಕುರುಚಲು ಗಿಡಗಳ ನೆಲವೂ ಅದರಲ್ಲಿ ಒಂದು ಬಗೆಯ ಪಾಳುಭೂಮಿ. ಈಗ ಜಗಳೂರು ತಾಲೂಕಿನ ರಂಗಯ್ಯನದುರ್ಗಕ್ಕೆ ಬನ್ನಿ. ಇಲ್ಲಿನ ಒಣ, ಕುರುಚಲು ಕಾಡು 2011ರಲ್ಲಿ ಕೊಂಡುಕುರಿ ವನ್ಯಧಾಮ ಆಯಿತು. ಕೊಂಡುಕುರಿ ಭಾರತ, ನೇಪಾಳ ಬಿಟ್ಟರೆ ಜಗತ್ತಿನಲ್ಲಿ ಇನ್ನೆಲ್ಲೂ ಇಲ್ಲ. ಗಂಡಿಗೆ ನಾಲ್ಕು ಕೊಂಬು, ಹೆಣ್ಣಿಗೆ ಕೊಂಬೇ ಇಲ್ಲ.

ಅಂದರೆ ಇಂಥದ್ದೇ ನೆಲವನ್ನು ಸರ್ಕಾರದ ಒಂದು ಕಾಗದ 'ಪಾಳು' ಅನ್ನುತ್ತೆ, ಇನ್ನೊಂದು 'ವನ್ಯಧಾಮ' ಅನ್ನುತ್ತೆ. ಪಾಳು ಅಂತ ಹೆಸರು ಬಿದ್ದ ನೆಲವನ್ನು ಯಾರಿಗಾದರೂ ಕೊಟ್ಟುಬಿಡೋದು ಸುಲಭ. ಅಲ್ಲಿ ಕುರಿ ಮೇಯಿಸುವವರನ್ನು ಯಾರೂ ಕೇಳೋದಿಲ್ಲ.

ಬೋರ್‌ವೆಲ್‌ನ ವಿಜ್ಞಾನ

ಎಂಜಿನಿಯರಿಂಗ್ ಓದಿದವರಿಗೆ 'ಪರಿಸರ ಅಧ್ಯಯನ' ಹೇಗೆ ಪಾಸಾಗುತ್ತೆ ಅಂತ ಗೊತ್ತು. ಪರೀಕ್ಷೆಯ ಹಿಂದಿನ ರಾತ್ರಿ ಓದಿದರೆ ಸಾಕು. ಓಜೋನ್ ಪದರದ ಬಗ್ಗೆ ಒಂದು ಪುಟ ಬರೆದು ಬರ್ತೀವಿ. ನಮ್ಮ ಕೊಳವೆಬಾವಿ ಯಾಕೆ ಬತ್ತಿತು ಅಂತ ಯಾರೂ ಹೇಳಿಕೊಡಲ್ಲ.

ಲೆಕ್ಕ ಸರಳ. ಕೇಂದ್ರ ಅಂತರ್ಜಲ ಮಂಡಳಿಯ ವರದಿಗಳಲ್ಲಿ ಜಗಳೂರು 'ಅತಿಬಳಕೆ'ಯ ತಾಲೂಕು. ಅಂದರೆ ವರ್ಷಕ್ಕೆ ಬಳಸಬಹುದಾದ ನೀರು ನೂರು ಕೊಡ ಇದ್ದರೆ, ನಾವು ಎತ್ತುತ್ತಿರೋದು ನೂರಕ್ಕಿಂತ ಹೆಚ್ಚು. ಗಟ್ಟಿ ಕಲ್ಲಿನ ನೆಲದಲ್ಲಿ ನೀರು ನಿಲ್ಲೋದು ಮೇಲಿನ ಸವೆದ ಪದರದಲ್ಲಿ ಮತ್ತು ಬಂಡೆಯ ಬಿರುಕುಗಳಲ್ಲಿ. ಆಳಕ್ಕೆ ಹೋದಷ್ಟೂ ಸಾಮಾನ್ಯವಾಗಿ ಬಿರುಕು ಕಡಿಮೆ. ಕಲ್ಲಿನ ಜೊತೆ ಹೆಚ್ಚು ಕಾಲ ಇದ್ದ ನೀರಿನಲ್ಲಿ ಫ್ಲೋರೈಡ್ ಸೇರುವ ಸಾಧ್ಯತೆಯೂ ಹೆಚ್ಚು. ಕುಡಿಯುವ ನೀರಿನಲ್ಲಿ ಅದು ಲೀಟರಿಗೆ 1.5 ಮಿಲಿಗ್ರಾಂ ಮೀರಬಾರದು. ಇಷ್ಟು ತಿಳಿದವರು 'ಇನ್ನೊಂದು ಬೋರ್ ಕೊರೆಸ್ತೀನಿ' ಅನ್ನೋ ಚುನಾವಣಾ ಭರವಸೆಗೆ ಚಪ್ಪಾಳೆ ಹೊಡೆಯುವ ಮುಂಚೆ ಯೋಚಿಸ್ತಾರೆ.

ಹಾಗಾದರೆ ಮಲೆನಾಡಿನ ಪುಸ್ತಕ ಬೇಡವೇ?

ಬೇಕು. ಭದ್ರಾ ಮೇಲ್ದಂಡೆ ಯೋಜನೆಯಲ್ಲಿ ತುಂಗೆಯಿಂದ 17.40 ಟಿಎಂಸಿ ನೀರನ್ನು ಭದ್ರಾ ಜಲಾಶಯಕ್ಕೆ ಎತ್ತಿ, ಅಲ್ಲಿಂದ 29.90 ಟಿಎಂಸಿಯನ್ನು ಬಯಲುಸೀಮೆಗೆ ಹರಿಸಬೇಕು. ಜಗಳೂರೂ ಅದಕ್ಕೆ ಕಾಯುತ್ತಿದೆ. ಆ ನೀರು ಹುಟ್ಟೋದೇ ಘಟ್ಟದ ಕಾಡಿನಲ್ಲಿ. ಅಲ್ಲಿನ ಕಾಡು ಕಡಿದರೆ ಇಲ್ಲಿನ ಕಾಲುವೆಗೂ ಪೆಟ್ಟು.

ತೇಜಸ್ವಿ, ಸ್ವಾಮಿ ಅವರಿಂದ ಕಲಿಯಬೇಕಾದ್ದು ಜಾಗ ಅಲ್ಲ, ವಿಧಾನ: ಸುತ್ತ ನೋಡು, ಹೆಸರು ತಿಳಿದುಕೋ, ಯಾಕೆ ಅಂತ ಕೇಳು. ಜೊತೆಗೆ ಮಳೆಕೊಯ್ಲಿನ ಬಗ್ಗೆ ಶ್ರೀ ಪಡ್ರೆ ಬರೆದದ್ದನ್ನು ಓದಿ. ಹಿಂದಿ ಬರುವವರು ಕೆರೆಗಳ ಬಗ್ಗೆ ಅನುಪಮ್ ಮಿಶ್ರ 1993ರಲ್ಲಿ ತಂದ 'ಆಜ್ ಭೀ ಖರೇ ಹೈಂ ತಾಲಾಬ್' ಓದಿ. ಅಂತರ್ಜಲ ವರದಿ, ವನ್ಯಧಾಮದ ಅಧಿಸೂಚನೆ, ಇವನ್ನೂ ಪುಸ್ತಕದಂತೆಯೇ ಓದಿ.

ಎಲ್ಲಿ ಸಿಗುತ್ತೆ?

ಇಲ್ಲೇ ನಿಮ್ಮ ಹಕ್ಕಿನ ಮಾತು ಬರೋದು. ಗ್ರಾಮ ಪಂಚಾಯಿತಿ ಗ್ರಂಥಾಲಯಗಳು 2019ರಲ್ಲಿ ಗ್ರಾಮೀಣಾಭಿವೃದ್ಧಿ ಇಲಾಖೆಗೆ ಬಂದವು. ಈಗ ಅವುಗಳ ಹೆಸರು ಅರಿವು ಕೇಂದ್ರ. ಮನೆ ಕಂದಾಯದ ಮೇಲೆ ಶೇ 6ರಷ್ಟು ಗ್ರಂಥಾಲಯ ಕರ ಕಟ್ಟುತ್ತಿರೋದು ನಿಮ್ಮ ಮನೆಯವರೇ.

ಮುಂದಿನ ಗ್ರಾಮಸಭೆಯಲ್ಲಿ ಮೂರು ಪ್ರಶ್ನೆ ಕೇಳಿ. ಈ ವರ್ಷ ಎಷ್ಟು ಕರ ಬಂತು? ಅದರಲ್ಲಿ ಯಾವ ಪುಸ್ತಕ ಕೊಂಡಿರಿ? ನಮ್ಮ ತಾಲೂಕಿನ ನೀರಿನ ವರದಿ ಕನ್ನಡದಲ್ಲಿ ಯಾಕಿಲ್ಲ? ಉತ್ತರ ಸಿಗದಿದ್ದರೆ ಮಾಹಿತಿ ಹಕ್ಕಿನಡಿ ಅರ್ಜಿ ಹಾಕಿ.