ಗೆಲವು, ಸೋಲು ಮತ್ತು ಅನುಪಾತ

ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗಗಳ ಶಾಲಾ ಬಯಲುಗಳಲ್ಲಿ ಸಂಜೆಯ ವೇಳೆ ಮಕ್ಕಳು ಕಬಡ್ಡಿ, ಖೋ ಖೋ ಆಡುವುದುಂಟು. ಆಟ ಮುಗಿದೊಡನೆ ಯಾವ ತಂಡ ಮೇಲು ಎಂಬ ವಾದ ಏಳುತ್ತದೆ. ಇದನ್ನು ನ್ಯಾಯವಾಗಿ ತೀರ್ಮಾನಿಸುವುದು ಹೇಗೆ?

ಬೈಲಹೊಂಗಲದ ಒಂದು ತಂಡವು 20 ಪಂದ್ಯಗಳನ್ನಾಡಿ 12ರಲ್ಲಿ ಗೆದ್ದು 8ರಲ್ಲಿ ಸೋತಿದೆ ಎಂದು ಭಾವಿಸೋಣ. ರಾಮದುರ್ಗದ ತಂಡವು 12 ಪಂದ್ಯಗಳಲ್ಲಿ 9ನ್ನು ಗೆದ್ದು 3ರಲ್ಲಿ ಸೋತಿರಲಿ. ಗೆಲವುಗಳನ್ನಷ್ಟೇ ಎಣಿಸಿದರೆ ಬೈಲಹೊಂಗಲವೇ ಮುಂದು. ಆದರೆ ಎರಡೂ ತಂಡಗಳು ಆಡಿದ ಪಂದ್ಯಗಳ ಸಂಖ್ಯೆ ಒಂದೇ ಅಲ್ಲ. ಆದುದರಿಂದ ಗೆಲವನ್ನು ಸೋಲಿನೊಡನೆ ಹೋಲಿಸಬೇಕು. ಈ ಹೋಲಿಕೆಯೇ ಅನುಪಾತ.

ಬೈಲಹೊಂಗಲದ ಗೆಲವು ಸೋಲುಗಳ ಅನುಪಾತ 12:8. ಎರಡು ಪದಗಳನ್ನೂ 4ರಿಂದ ಭಾಗಿಸಿದರೆ 3:2. ರಾಮದುರ್ಗದ ಅನುಪಾತ 9:3, ಅಂದರೆ 3:1. ಇದನ್ನೇ 6:2 ಎಂದೂ ಬರೆಯಬಹುದು. ಪ್ರತಿ ಎರಡು ಸೋಲುಗಳಿಗೆ ಬೈಲಹೊಂಗಲದವರು ಮೂರು ಪಂದ್ಯಗಳನ್ನು ಗೆದ್ದರೆ ರಾಮದುರ್ಗದವರು ಆರನ್ನು ಗೆದ್ದಿದ್ದಾರೆ. ಪದಗಳ ಕ್ರಮವನ್ನು ಮಾತ್ರ ಮರೆಯಬಾರದು. 3:2 ಮತ್ತು 2:3 ಒಂದೇ ಅಲ್ಲ.

ಇನ್ನು ನಿಜವಾದ ಲೆಕ್ಕವೊಂದನ್ನು ನೋಡೋಣ. 1973ರ ನವೆಂಬರ್ 1ರಂದು ಮೈಸೂರು ರಾಜ್ಯಕ್ಕೆ ಕರ್ನಾಟಕ ಎಂಬ ಹೆಸರಾಯಿತು. 1973-74ರಲ್ಲೇ ನಮ್ಮ ಕ್ರಿಕೆಟ್ ತಂಡವು ಮೊದಲ ಬಾರಿಗೆ ರಣಜಿ ಟ್ರೋಫಿಯನ್ನು ಗೆದ್ದಿತು. ಅಂದಿನಿಂದ 1998-99ರವರೆಗೆ ಅದು ಒಂಬತ್ತು ಅಂತಿಮ ಪಂದ್ಯಗಳನ್ನಾಡಿ ಆರು ಸಲ ಪ್ರಶಸ್ತಿ ಪಡೆಯಿತು, ಮೂರು ಸಲ ಸೋತಿತು. ಅನುಪಾತ 2:1. 2014-15ರವರೆಗೆ ಲೆಕ್ಕ ಹಾಕಿದರೆ ಎಂಟು ಗೆಲವು, ನಾಲ್ಕು ಸೋಲು. ಸಂಖ್ಯೆಗಳು ಬೆಳೆದರೂ ಅನುಪಾತ ಬದಲಾಗಲಿಲ್ಲ.

ಆದರೆ ಮೈಸೂರು ಎಂಬ ಹೆಸರಿನಲ್ಲಿ ಆಡುತ್ತಿದ್ದಾಗ ಇದೇ ತಂಡವು 1941-42 ಹಾಗೂ 1959-60ರ ಅಂತಿಮ ಪಂದ್ಯಗಳಲ್ಲಿ ಮುಂಬಯಿಗೆ ಸೋತಿತ್ತು. ಅವನ್ನೂ ಸೇರಿಸಿದರೆ ಅನುಪಾತ 8:6, ಎಂದರೆ 4:3 ಆಗುತ್ತದೆ. ಎಣಿಕೆಯನ್ನು ಎಲ್ಲಿಂದ ಆರಂಭಿಸಿದೆವು, ಯಾವುದನ್ನು ಬಿಟ್ಟೆವು ಎಂಬುದನ್ನು ಹೇಳದವನ ಲೆಕ್ಕ ಸರಿಯಿದ್ದರೂ ಮಾತು ಪೂರ್ತಿ ಸತ್ಯವಲ್ಲ.

ಅನುಪಾತಕ್ಕೂ ಒಂದು ಮಿತಿಯಿದೆ. 1824ರ ಅಕ್ಟೋಬರ್ 23ರಂದು ಕಿತ್ತೂರಿನ ಸೈನ್ಯವು ಆಂಗ್ಲರನ್ನು ಸೋಲಿಸಿತು. ಅದೇ ಡಿಸೆಂಬರಿನಲ್ಲಿ ಕೋಟೆ ಆಂಗ್ಲರ ವಶವಾಯಿತು. ಸೆರೆಯಾದ ರಾಣಿ ಚೆನ್ನಮ್ಮ 1829ರಲ್ಲಿ ಬೈಲಹೊಂಗಲದಲ್ಲಿ ನಿಧನಳಾದಳು. ಗಣಿತಕ್ಕೆ ಇದು 1:1. ಆದರೂ ನಾಡು ಆ ಗೆಲವನ್ನು ಪ್ರತಿವರ್ಷ ಕಿತ್ತೂರು ಉತ್ಸವದಲ್ಲಿ ನೆನೆಯುತ್ತದೆ. ಎಷ್ಟು ಗೆದ್ದೆವು ಎಂಬುದನ್ನು ಅನುಪಾತದಿಂದ ಅರಿಯೋಣ. ಆ ಗೆಲವಿನ ಬೆಲೆಯನ್ನು ನಮ್ಮ ವಿವೇಕದಿಂದ ತಿಳಿಯೋಣ.