ಮಹಮೂದ್ ಗವಾನನ ಮದರಸದ ನಿವಾಸಪಂಕ್ತಿ

ಪ್ರಭುವೊಬ್ಬನು ತನ್ನ ಆಶ್ರಿತರಿಗಾಗಿ, ಒಂದೇ ನಕ್ಷೆಯನ್ನನುಸರಿಸಿ, ನಡುಗೋಡೆಗಳು ಇಬ್ಬರಿಗೂ ಸಮಾನವಾಗಿರುವಂತೆ ಸಾಲಾಗಿ ಕಟ್ಟಿಸಿದ ವಸತಿಗಳನ್ನು ಪಂಕ್ತಿಗೃಹಗಳೆಂದು ಕರೆಯಬಹುದು. ಇಂತಹವು ನಾನಾ ದೇಶಗಳಲ್ಲುಂಟು. ಬೀದರದ ಮಹಮೂದ್ ಗವಾನನ ಮದರಸವು ಈ ಬಗೆಯ ಕಟ್ಟಡವೇ ಆಗಿದೆಯೆಂಬುದನ್ನು ಪ್ರಕೃತ ಲೇಖನದಲ್ಲಿ ನಿರೂಪಿಸಲಾಗುವುದು.

ಈ ಕಟ್ಟಡವು 1472ರಲ್ಲಿ ಪೂರ್ಣವಾಯಿತು. ಕಟ್ಟಿಸಿದವನು ಪಾರಸಿಕ ದೇಶದ ಗೀಲಾನಿನಿಂದ ಬಂದು ಬಹಮನಿ ರಾಜ್ಯದ ಪ್ರಧಾನಮಂತ್ರಿಯಾದ ಮಹಮೂದ್ ಗವಾನನು. ಇದರ ಉದ್ದ 205 ಅಡಿ, ಅಗಲ 180 ಅಡಿ. ನಡುವೆ ಸುಮಾರು 100 ಅಡಿ ಚೌಕದ ತೆರೆದ ಅಂಗಳ. ನಾಲ್ಕು ಬದಿಗಳ ಮಧ್ಯದಲ್ಲಿಯೂ ಎತ್ತರವಾದ ಕಮಾನುಗಳಿವೆ. ಅವುಗಳ ಎಡೆಗಳಲ್ಲಿ ಮೂರು ಅಂತಸ್ತುಗಳಾಗಿ ಕೋಣೆಗಳು ಸಾಲುಗೊಂಡಿವೆ. ವಿದ್ಯಾರ್ಥಿಗಳಿಗೆ 36 ಕೋಣೆಗಳೂ ಅಧ್ಯಾಪಕರಿಗೆ 6 ವಸತಿಗಳೂ ಇದ್ದುವೆಂದು ಗಣನೆ. ಖುರಾಸಾನದ ಖರ್ಗಿರ್ದ್ ಎಂಬಲ್ಲಿ ಅದೇ ಶತಮಾನದ ನಡುವೆ ಕಟ್ಟಿದ ಮದರಸದ ವಿನ್ಯಾಸವೂ ಇಂತಹದೇ.

‘ಮದರಸ’ವೆಂಬುದು ಪಾಠವೆಂಬರ್ಥದ ಅರಬ್ಬಿ ಧಾತುವಿನಿಂದ ಹುಟ್ಟಿದ ಶಬ್ದ; ಪಾಠ ನಡೆಯುವ ಸ್ಥಾನವೆಂದು ಅದರರ್ಥ. ಅಮರಸಿಂಹನಾದರೋ ‘ಮಠ’ ಶಬ್ದಕ್ಕೆ ವಿದ್ಯಾರ್ಥಿಗಳು ಮೊದಲಾದವರ ವಾಸಸ್ಥಾನವೆಂದು ಅರ್ಥ ಹೇಳುತ್ತಾನೆ. ಬೀದರದ ಕಟ್ಟಡವು ಹೆಸರಿನಿಂದ ಮದರಸ. ರಚನೆಯಿಂದ ನೋಡಿದರೆ ಈ ಅರ್ಥದ ಮಠವೂ ಹೌದು. ಈ ಕಲ್ಪನೆ ಕನ್ನಡ ನೆಲಕ್ಕೆ ಹೊಸದಾಗಿರಲಿಲ್ಲ. ಕಲಬುರಗಿ ಸೀಮೆಯ ನಾಗಾವಿಯ ಕ್ರಿ.ಶ. 1058ರ ಶಾಸನವು ಅಲ್ಲಿಯ ಘಟಿಕಾಶಾಲೆಯಲ್ಲಿ 200 ಮಂದಿ ವೇದಾಧ್ಯಾಯಿಗಳು, 52 ಮಂದಿ ಶಾಸ್ತ್ರಾಧ್ಯಾಯಿಗಳು, 6 ಮಂದಿ ಸರಸ್ವತೀ ಭಂಡಾರಿಗರು ಇದ್ದುದನ್ನು ತಿಳಿಸುತ್ತದೆ.

ಇನ್ನು ರಚನೆಯ ಗುಣವನ್ನು ಪರಿಶೀಲಿಸೋಣ. ಒಂಟಿ ಕಮಾನು ತನ್ನ ಪಕ್ಕದ ಗೋಡೆಗಳನ್ನು ಹೊರಕ್ಕೆ ತಳ್ಳುತ್ತದೆ. ಸಮಾನ ಅಗಲದ ಕಮಾನುಗಳು ಸಾಲಾಗಿದ್ದರೆ ಒಂದರ ಒತ್ತಡವನ್ನು ನೆರೆಯದು ಎದುರೊತ್ತುವುದು. ಉಳಿದ ಭಾರವನ್ನು ತುದಿಯ ಗಟ್ಟಿ ಮೂಲೆಗಳು ತಾಳಿಕೊಳ್ಳುವುವು. ಹೊರಗೋಡೆಗೆ ಅಡ್ಡಲಾಗಿ ನಿಂತ ನಡುಗೋಡೆಗಳು ಅದನ್ನು ಬಾಗಗೊಡವು. ಹೀಗೆ ವಾಸಕ್ಕೆಂದು ಮಾಡಿದ ವಿಭಾಗವೇ ಕಟ್ಟಡಕ್ಕೆ ಬಲವನ್ನೂ ಕೊಡುತ್ತದೆ.

ಆಶ್ರಿತರ ವಸತಿಯನ್ನು ಪ್ರಭುವು ಎಲ್ಲಿ ಇರಿಸಿದನೆಂಬುದೂ ವಿಚಾರಾರ್ಹ. ಆಂಗ್ಲ ದೇಶದ ಡಾರ್ಸೆಟ್ ಪ್ರಾಂತದಲ್ಲಿ ಲಾರ್ಡ್ ಮಿಲ್ಟನ್ ಎಂಬ ಜಮೀನುದಾರನು, ತನ್ನ ಸೌಧದ ಬಳಿಯ ಹಳೆಯ ಊರು ಕಣ್ಣಿಗೆ ಬೀಳಬಾರದೆಂದು ಅದನ್ನು ತೆಗೆಯಿಸಿ, 1780ರ ಸುಮಾರಿಗೆ ಮಿಲ್ಟನ್ ಆಬಸ್ ಎಂಬ ಹೊಸ ಹಳ್ಳಿಯನ್ನು ಕಟ್ಟಿಸಿದನು. ಒಂದೇ ತೆರನಾದ ಹುಲ್ಲುಮಾಡಿನ ಮನೆಗಳು. ಒಂದು ಮಾಡಿನಡಿ ಎರಡು ಸಂಸಾರ. ಅಲ್ಲಿ ವಸತಿಯು ಪ್ರಭುವಿನ ದೃಷ್ಟಿಯಿಂದ ದೂರ ಸರಿಯಿತು. ಬೀದರದಲ್ಲಾದರೋ ಅಂಗಳದಲ್ಲಿ ನಿಂತವನು ಯಾವ ಕಡೆ ತಿರುಗಿದರೂ ವಿದ್ಯಾರ್ಥಿಯ ಬಾಗಿಲೇ ಎದುರಾಗುತ್ತದೆ.

ಗವಾನನು 1481ರಲ್ಲಿ ಮರಣದಂಡನೆಗೆ ಗುರಿಯಾದನು. ಔರಂಗಜೇಬನ ಕಾಲದಲ್ಲಿ ಈ ಕೋಣೆಗಳಲ್ಲಿ ಸೈನಿಕರು ವಾಸಿಸಿದರು. ಮದ್ದಿನ ಸಂಗ್ರಹವೂ ಇಲ್ಲಿಯೇ ಆಯಿತು. 1696ರಲ್ಲಿ ಆ ಮದ್ದು ಸಿಡಿದು ಮುಂಭಾಗದ ಬಹುಪಾಲೂ ದಕ್ಷಿಣದ ಮಿನಾರೂ ನಾಶವಾದುವು.

ಉಳಿದ ಮಿನಾರನ್ನೂ ಮೆರುಗಿನ ಬಣ್ಣದ ಬಿಲ್ಲೆಗಳನ್ನೂ ಎಲ್ಲರೂ ನೋಡುತ್ತಾರೆ, ನೋಡತಕ್ಕುದೇ. ಆದರೆ ಚಿದ್ರಿಯೇ ಮೊದಲಾದ ಸುತ್ತಣ ಊರುಗಳಿಂದ ವಿದ್ಯಾರ್ಥಿಗಳನ್ನು ಕರೆತರುವ ಉಪಾಧ್ಯಾಯರು ಅವರನ್ನು ಒಂದು ಕೋಣೆಯ ಬಾಗಿಲಿಗೂ ಒಯ್ಯಬೇಕು. ಬಿಲ್ಲೆಗಳು ಪ್ರಭುವಿನ ಐಶ್ವರ್ಯವನ್ನು ಹೇಳುತ್ತವೆ. ಓದುವವನಿಗೆ ಮೊದಲು ಇರಲೊಂದು ನೆಲೆ ಬೇಕೆಂಬ ಆತನ ವಿವೇಕವನ್ನು ಹೇಳುವುದು ಈ ಕೋಣೆಗಳ ಸಾಲೇ.