ಕಲ್ಲಿನ ಪೆಟ್ಟು ಎಲ್ಲಿಗೆ ಹೋಗಬೇಕು?

ಮಳೆ ಕೊರೆದ ಎಸ್ಟೇಟ್ ದಾರಿಯಲ್ಲಿ ಚಕ್ರಗಳ ಜಾಡು ತಗ್ಗಾಗುತ್ತದೆ, ನಡುವಿನ ಕಲ್ಲು ಎದ್ದು ನಿಲ್ಲುತ್ತದೆ. ಮುಂದಿನ ಚಕ್ರ ಗುಂಡಿಗೆ ಇಳಿದ ಕ್ಷಣ ಆ ಕಲ್ಲು ಗಾಡಿಯ ಹೊಟ್ಟೆಗೆ ಬಡಿಯುತ್ತದೆ. ಬಡಿಯುವ ಜಾಗದಲ್ಲೇ ಇಂಜಿನ್ನಿನ ಆಯಿಲ್ ಸಂಪ್ ಇರುತ್ತದೆ. ಎರಕದ ಅಲ್ಯೂಮಿನಿಯಂ ಸಂಪ್ ಆಗಿದ್ದರೆ ಬಿರುಕು ಬಿಟ್ಟು ಆಯಿಲ್ ಸೋರುತ್ತದೆ. ತೆಳು ಉಕ್ಕಿನ ಸಂಪ್ ಆದರೆ ಒಡೆಯದೆ ನೆಗ್ಗುತ್ತದೆ. ನೆಗ್ಗಿದರೆ ಪರವಾಗಿಲ್ಲ ಎಂದುಕೊಳ್ಳುವುದು ಅಪಾಯ. ಸಂಪಿನ ತಳಕ್ಕೂ ಆಯಿಲ್ ಹೀರುವ ಕೊಳವೆಯ ಜಾಲರಿಗೂ ನಡುವೆ ಕೆಲವೇ ಮಿಲಿಮೀಟರ್ ಅಂತರವಿರುತ್ತದೆ. ನೆಗ್ಗಿದ ತಗಡು ಜಾಲರಿಗೆ ಅಡ್ಡಬಂದರೆ ಪಂಪಿಗೆ ಸಾಕಷ್ಟು ಆಯಿಲ್ ಸಿಗುವುದಿಲ್ಲ, ಒತ್ತಡ ಕುಸಿಯುತ್ತದೆ. ಹೊರಗೆ ಒಂದು ಹನಿಯೂ ಸೋರದೆ ಒಳಗೆ ಬೇರಿಂಗುಗಳು ಸುಟ್ಟುಹೋಗಬಹುದು.

ಇದನ್ನು ತಡೆಯಲು ಗಾಡಿಯ ಹೊಟ್ಟೆಯಡಿ ಹಾಕಿಸುವ ಗಟ್ಟಿ ಹಾಳೆಯೇ ಸ್ಕಿಡ್ ಪ್ಲೇಟ್. ಕೊಳ್ಳುವವರು ಮೊದಲು ಕೇಳುವ ಪ್ರಶ್ನೆ, ‘ಎಷ್ಟು ಎಂಎಂ ದಪ್ಪ?’ ಅದಕ್ಕಿಂತ ಮೊದಲು ಕೇಳಬೇಕಾದ ಪ್ರಶ್ನೆ ಇನ್ನೊಂದಿದೆ: ಕಲ್ಲು ಕೊಟ್ಟ ಪೆಟ್ಟು ಪ್ಲೇಟಿನಿಂದ ಮುಂದೆ ಎಲ್ಲಿಗೆ ಹೋಗುತ್ತದೆ? ಒಳ್ಳೆಯ ಪ್ಲೇಟ್ ಆ ಬಲವನ್ನು ಬೋಲ್ಟುಗಳ ಮೂಲಕ ಚಾಸಿಗೆ ದಾಟಿಸುತ್ತದೆ, ಗಾಡಿ ಕಲ್ಲಿನ ಮೇಲೆ ಜಾರಿ ಮುಂದೆ ಸಾಗುವಂತೆ ಮಾಡುತ್ತದೆ. ಕಂಪನಿಯಿಂದ ಅನೇಕ ಗಾಡಿಗಳಿಗೆ ಬರುವ ಪ್ಲಾಸ್ಟಿಕ್ ಹೊದಿಕೆಗೆ ಈ ಶಕ್ತಿ ಇಲ್ಲ. ಅದು ಇರುವುದು ಕೆಸರು, ನೀರು ಸಿಡಿಯದಿರಲೆಂದು.

ಜಿಮ್ನಿಯ ಲೆಕ್ಕ

ನಮ್ಮಲ್ಲಿ 2023ರಲ್ಲಿ ಮಾರಾಟಕ್ಕೆ ಬಂದ ಐದು ಬಾಗಿಲಿನ ಮಾರುತಿ ಸುಜುಕಿ ಜಿಮ್ನಿಯನ್ನೇ ಉದಾಹರಣೆಗೆ ತೆಗೆದುಕೊಳ್ಳೋಣ. ಏಣಿಯಾಕಾರದ ಚಾಸಿ, ಹಿಂದೆ ಮುಂದೆ ಗಟ್ಟಿ ಆಕ್ಸಲ್, ಲೋ ಗೇರಿನ ಟ್ರಾನ್ಸ್‌ಫರ್ ಕೇಸ್ ಇರುವ ಹಗುರ ಗಾಡಿ ಇದು. ಗ್ರೌಂಡ್ ಕ್ಲಿಯರೆನ್ಸ್ 210 ಮಿಲಿಮೀಟರ್. ಮೂರು ಬಾಗಿಲಿನ ಜಿಮ್ನಿಯ ವೀಲ್‌ಬೇಸ್ 2,250 ಮಿಲಿಮೀಟರ್ ಆದರೆ ಇದರದು 2,590. ಚಕ್ರಗಳ ನಡುವಿನ ಅಂತರ ಹೆಚ್ಚಿದಷ್ಟೂ ದಿಬ್ಬ ದಾಟುವಾಗ ನಡುಹೊಟ್ಟೆ ನೆಲಕ್ಕೆ ತಾಗುವ ಸಾಧ್ಯತೆ ಹೆಚ್ಚು. ಹೊಟ್ಟೆ ತಾಗದೆ ದಾಟಬಹುದಾದ ದಿಬ್ಬದ ಕೋನ ಮೂರು ಬಾಗಿಲಿನದರಲ್ಲಿ 28 ಡಿಗ್ರಿ, ಐದು ಬಾಗಿಲಿನದರಲ್ಲಿ 24. ಮುಂದಿನಿಂದ ದಿಬ್ಬ ಹತ್ತಲು ಮಾತ್ರ 36 ಡಿಗ್ರಿಯವರೆಗೆ ಅವಕಾಶವಿದೆ. ಅಂದರೆ ಈ ಗಾಡಿಯ ಮೂತಿ ದಾಟಿದ ದಿಬ್ಬ ಹೊಟ್ಟೆಗೆ ಸಿಕ್ಕಿಕೊಳ್ಳಬಹುದು. ಇಂಜಿನ್ ಕೆಳಗೆ ಮಾತ್ರ ಪ್ಲೇಟ್ ಹಾಕಿಸಿ, ಹಿಂದಿರುವ ಗೇರ್‌ಬಾಕ್ಸ್ ಮತ್ತು ಟ್ರಾನ್ಸ್‌ಫರ್ ಕೇಸನ್ನು ಬಯಲಿಗೆ ಬಿಟ್ಟರೆ ಅರ್ಧ ಕೆಲಸವಷ್ಟೇ ಆದಂತೆ.

ತೂಕದ ಲೆಕ್ಕವೂ ಇಷ್ಟೇ ಮುಖ್ಯ. ಖಾಲಿ ಜಿಮ್ನಿ ಸುಮಾರು 1,200 ಕಿಲೊ. ಜನ, ಸಾಮಾನು ಎಲ್ಲ ಸೇರಿ 1,545 ಕಿಲೊ ಮೀರಬಾರದು. ಎಪ್ಪತ್ತು ಕಿಲೊದ ನಾಲ್ವರು ಕುಳಿತರೆ 280 ಕಿಲೊ ಅಲ್ಲಿಗೇ ಹೋಯಿತು, ಉಳಿಯುವುದು ಅರವತ್ತರ ಆಸುಪಾಸು. ಟೆಂಟು, ನೀರು, ಹಗ್ಗ, ಅಡುಗೆ ಸಾಮಾನು ಎಲ್ಲವೂ ಅಷ್ಟರಲ್ಲೇ ಆಗಬೇಕು. ಪ್ಲೇಟು ಮೂವತ್ತು ಕಿಲೊ ತೂಗಿದರೆ ಭಾರಿ ಎಸ್‌ಯುವಿಯ ಮಾಲೀಕರು ಅದನ್ನು ಮರೆತುಬಿಡಬಹುದು, ಇಲ್ಲಿ ಅದು ಉಳಿಕೆಯ ಅರ್ಧ ಪಾಲು.

ಉಕ್ಕೋ ಅಲ್ಯೂಮಿನಿಯಮ್ಮೋ?

ಉಕ್ಕಿನ ಬಿಗಿತನ ಅಲ್ಯೂಮಿನಿಯಮ್ಮಿನ ಸುಮಾರು ಮೂರು ಪಟ್ಟು, ತೂಕವೂ ಸುಮಾರು ಮೂರು ಪಟ್ಟು. ಹಾಗಾದರೆ ಎರಡೂ ಸಮವೇ? ಅಲ್ಲ. ಚಪ್ಪಟೆ ಹಾಳೆಯ ಬಾಗುವಿಕೆಗೆ ಒಂದು ನಿಯಮವಿದೆ: ದಪ್ಪ ಎರಡು ಪಟ್ಟಾದರೆ ಬಿಗಿತನ ಎಂಟು ಪಟ್ಟಾಗುತ್ತದೆ. ಹಗುರ ಲೋಹಕ್ಕೆ ಇದು ವರ. 4 ಮಿಲಿಮೀಟರ್ ಉಕ್ಕಿನ ಹಾಳೆ ಚದರ ಮೀಟರಿಗೆ 31 ಕಿಲೊ ತೂಗಿದರೆ, 6 ಮಿಲಿಮೀಟರ್ ಅಲ್ಯೂಮಿನಿಯಂ ತೂಗುವುದು 16 ಕಿಲೊ. ಬಾಗುವಿಕೆಯಲ್ಲಿ ಆ ಅಲ್ಯೂಮಿನಿಯಂ ಹಾಳೆಯೇ ತುಸು ಹೆಚ್ಚು ಬಿಗಿ. ತೂಕ ಅರ್ಧ, ಬಿಗಿತನಕ್ಕೆ ಕೊರತೆಯಿಲ್ಲ.

ಉಕ್ಕು ಗೆಲ್ಲುವುದು ಉಜ್ಜಾಟದಲ್ಲಿ. ಮಲೆನಾಡಿನ ಕಲ್ಲುಗಳಲ್ಲಿ ಬೆಣಚುಕಲ್ಲಿನ ಹರಳುಗಳಿವೆ. ಅವು ಎರಡೂ ಲೋಹಗಳನ್ನು ಗೀರುತ್ತವೆ, ಆದರೆ ಮೆತ್ತಗಿನ ಅಲ್ಯೂಮಿನಿಯಮ್ಮಿನಲ್ಲಿ ಆಳವಾಗಿ ಇಳಿದು ಹಿಡಿದುಕೊಳ್ಳುತ್ತವೆ. ಪ್ಲೇಟ್ ಜಾರಬೇಕಾದ ಕಡೆ ಕಚ್ಚಿಕೊಳ್ಳುತ್ತದೆ. ಉಕ್ಕು ಹಾಗಲ್ಲ, ಸಲೀಸಾಗಿ ಜಾರುತ್ತದೆ. ನೆಗ್ಗಿದರೆ ಊರಿನ ವೆಲ್ಡಿಂಗ್ ಶೆಡ್ಡಿನಲ್ಲೇ ಬಡಿದು ಸರಿಮಾಡಬಹುದು. ಅಲ್ಯೂಮಿನಿಯಂ ವೆಲ್ಡಿಂಗ್ ಎಲ್ಲರಿಗೂ ಬಾರದು, ಕೆಲವು ಮಿಶ್ರಲೋಹಗಳು ಬೆಸುಗೆಯ ಬಿಸಿಗೆ ತಮ್ಮ ಗಟ್ಟಿತನವನ್ನೂ ಕಳೆದುಕೊಳ್ಳುತ್ತವೆ. ಮೂರನೆಯ ಆಯ್ಕೆ ದಪ್ಪ ಪಾಲಿಎಥಿಲೀನ್ ಪ್ಲೇಟ್. ನೀರಿಗಿಂತ ಹಗುರ, ತುಕ್ಕು ಹಿಡಿಯದು, ಕಲ್ಲಿನ ಮೇಲೆ ಚೆನ್ನಾಗಿ ಜಾರುತ್ತದೆ. ಆದರೆ ಸುಮಾರು 130 ಡಿಗ್ರಿ ಸೆಲ್ಸಿಯಸ್‌ಗೆ ಕರಗುವುದರಿಂದ ಎಗ್ಸಾಸ್ಟ್ ಕೊಳವೆಯ ಹತ್ತಿರ ಇಡುವಂತಿಲ್ಲ.

ತೋಟದ ದಾರಿ, ಕಾಡಂಚಿನ ದಾರಿ, ಆಗೊಮ್ಮೆ ಈಗೊಮ್ಮೆ ಕಲ್ಲಿನ ಏರು ಇಷ್ಟೇ ಆದರೆ ಹಗುರ ಗಾಡಿಗೆ ನನ್ನ ಆಯ್ಕೆ 5 ಅಥವಾ 6 ಮಿಲಿಮೀಟರ್ ಅಲ್ಯೂಮಿನಿಯಂ. ವಾರವಾರವೂ ಬಂಡೆಗಳ ಮೇಲೆ ಉಜ್ಜುತ್ತಲೇ ಹೋಗುವವರು, ಭಾರ ಒಪ್ಪಿಕೊಂಡು, 3 ಅಥವಾ 4 ಮಿಲಿಮೀಟರ್ ಉಕ್ಕು ಹಾಕಿಸುವುದು ಸರಿ.

ಎರಡು ಸೆಂಟಿಮೀಟರಿನ ಬೆಲೆ

ಮುಂಭಾಗದ 600 ಕಿಲೊ ಭಾರ ಹತ್ತು ಸೆಂಟಿಮೀಟರ್ ಕೆಳಗೆ ಕುಸಿದು ಕಲ್ಲಿನ ಮೇಲೆ ಬಿತ್ತು ಎನ್ನೋಣ. ಆ ಬೀಳುವಿಕೆಯ ಶಕ್ತಿ ಸುಮಾರು 590 ಜೂಲ್. ಪ್ಲೇಟ್ ಎರಡು ಸೆಂಟಿಮೀಟರ್ ಬಾಗಿ ಅದನ್ನು ತಡೆದರೆ ಬೀಳುವ ಸರಾಸರಿ ಬಲ ಸುಮಾರು ಮೂರೂವರೆ ಟನ್ ಭಾರಕ್ಕೆ ಸಮ. ಒಂದೇ ಸೆಂಟಿಮೀಟರಿನಲ್ಲಿ ತಡೆದರೆ ಅದು ಆರೂವರೆ ಟನ್ ದಾಟುತ್ತದೆ. ಆದ್ದರಿಂದ ಪ್ಲೇಟ್ ಸ್ವಲ್ಪ ಬಾಗುವುದು ಒಳ್ಳೆಯದೇ, ಬಾಗಲು ಜಾಗ ಇರಬೇಕು ಅಷ್ಟೆ. ಸಂಪಿಗೆ ಅಂಟಿದಂತೆ ಕೂರಿಸಿದ ಪ್ಲೇಟ್ ಎಷ್ಟೇ ದಪ್ಪವಿದ್ದರೂ ಪೆಟ್ಟನ್ನು ನೇರ ಸಂಪಿಗೇ ದಾಟಿಸುತ್ತದೆ. ಇಂಜಿನ್ ತನ್ನ ರಬ್ಬರ್ ಮೌಂಟುಗಳ ಮೇಲೆ ಅಲುಗಾಡುತ್ತದೆ ಎಂಬುದನ್ನೂ ಈ ಅಂತರದ ಲೆಕ್ಕಕ್ಕೆ ಸೇರಿಸಿಕೊಳ್ಳಬೇಕು.

ಟನ್ನುಗಟ್ಟಲೆ ಬಲ ಕೊನೆಗೆ ಬಂದು ನಿಲ್ಲುವುದು ಬೋಲ್ಟುಗಳ ಮೇಲೆ. ಪ್ಲೇಟ್ ಚಾಸಿಯ ಉದ್ದ ತೊಲೆಗಳಿಗೆ, ಗಟ್ಟಿ ಅಡ್ಡಪಟ್ಟಿಗಳಿಗೆ ಕೂರಬೇಕು, ಬಂಪರಿಗೋ ರೇಡಿಯೇಟರ್ ಹಿಡಿದಿರುವ ತೆಳು ತಗಡಿಗೋ ಅಲ್ಲ. ಚಾಸಿಯಲ್ಲಿ ಈಗಾಗಲೇ ಇರುವ ತೂತುಗಳನ್ನೇ ಬಳಸುವ ಪ್ಲೇಟ್ ಆರಿಸಿ. ಹೊಸದಾಗಿ ಕೊರೆದರೆ, ಬೆಸೆದರೆ ಚಾಸಿ ಸೊರಗುತ್ತದೆ, ವಾರಂಟಿಗೂ ಕುತ್ತು ಬರಬಹುದು. ನೋಂದಣಿ ಪತ್ರದಲ್ಲಿರುವ ವಿವರ ತಯಾರಕರು ನಮೂದಿಸಿದ್ದಕ್ಕಿಂತ ಬೇರೆಯಾಗುವಂತೆ ಗಾಡಿಯನ್ನು ಬದಲಿಸಬಾರದೆಂದು ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಹೇಳುವುದನ್ನೂ ಮರೆಯುವಂತಿಲ್ಲ. ಡಿಕ್ಕಿಯಾದಾಗ ನುಗ್ಗಾಗಬೇಕಾದ ಮುಂಭಾಗವನ್ನು ಪ್ಲೇಟ್ ಬಿಗಿದು ಕಟ್ಟಿಹಾಕಲೂಬಾರದು.

ಎರಡು ಮೂರು ತುಂಡುಗಳ ಪ್ಲೇಟ್ ಆದರೆ ಅವು ಹೆಂಚು ಹೊದಿಸಿದಂತೆ ಒಂದರ ಮೇಲೊಂದು ಕೂರಬೇಕು. ಮುಂದಿನ ಪ್ಲೇಟಿನ ಹಿಂದಂಚು ಕೆಳಗೆ, ಹಿಂದಿನ ಪ್ಲೇಟಿನ ಮುಂದಂಚು ಅದರ ಮೇಲೆ. ತಿರುವುಮುರುವಾದರೆ ಪ್ರತಿ ಅಂಚೂ ಕಲ್ಲಿಗೆ ಕೊಕ್ಕೆಯಾಗುತ್ತದೆ. ಬೋಲ್ಟಿನ ತಲೆ ಕುಳಿಯೊಳಗೆ ಅಡಗಿರಬೇಕು, ಇಲ್ಲವಾದರೆ ಕಲ್ಲು ಅದನ್ನು ಸವೆಸಿ, ಬಿಚ್ಚಲು ಸ್ಪ್ಯಾನರ್ ಕೂರದಂತೆ ಮಾಡುತ್ತದೆ. ಆಯಿಲ್ ಬದಲಿಸುವ ನಟ್ಟಿಗೂ ಫಿಲ್ಟರಿಗೂ ಕೈ ಹೋಗುವ ಕಿಂಡಿ ಬೇಕು.

ಕೆಸರು, ಹುಲ್ಲು, ತುಕ್ಕು

ಕಿಂಡಿಗಳಿಗೆ ಇನ್ನೂ ಒಂದು ಕೆಲಸವಿದೆ: ಪ್ಲೇಟಿನ ಮೇಲೆ ಕೂತ ಕೆಸರನ್ನು ಹೊರಹಾಕುವುದು. ಅರ್ಧ ಚದರ ಮೀಟರ್ ಪ್ಲೇಟಿನ ಮೇಲೆ ಒಂದು ಸೆಂಟಿಮೀಟರ್ ಕೆಸರು ಕೂತರೆ ಎಂಟು ಕಿಲೊಗೂ ಹೆಚ್ಚು ಭಾರ. ಹಸಿ ಕೆಸರು ಉಕ್ಕಿಗೆ ತುಕ್ಕು ತರುತ್ತದೆ, ಹಾಗಾಗಿ ಉಕ್ಕಿನ ಪ್ಲೇಟಿನ ಒಳಮೈಗೂ ಸತುವಿನ ಲೇಪ ಬೇಕು. ಅಲ್ಯೂಮಿನಿಯಂ ಪ್ಲೇಟಿಗೆ ಉಕ್ಕಿನ ಬೋಲ್ಟ್ ಹಾಕಿದಲ್ಲಿ ಬೇರೆ ತೊಂದರೆ. ಎರಡು ಬೇರೆ ಲೋಹ, ನಡುವೆ ನೀರು ಸೇರಿದರೆ ಅದು ಪುಟ್ಟ ಬ್ಯಾಟರಿಯಾಗಿ ಅಲ್ಯೂಮಿನಿಯಂ ಕರಗುತ್ತಾ ಹೋಗುತ್ತದೆ. ಉಪ್ಪುಗಾಳಿಯ ಕರಾವಳಿಯಲ್ಲಿ ಇದರ ವೇಗ ಇನ್ನೂ ಹೆಚ್ಚು. ಲೋಹಗಳು ಒಂದಕ್ಕೊಂದು ತಾಗದಂತೆ ನೈಲಾನ್ ವಾಷರ್, ಗ್ರೀಸ್ ಹಾಕಿದರೆ ತಡೆಯಬಹುದು. ಬೇಸಿಗೆಯ ಆತಂಕ ಒಣಹುಲ್ಲಿನದು. ಎಗ್ಸಾಸ್ಟಿನ ಕೆಟಲಿಟಿಕ್ ಕನ್ವರ್ಟರ್ ಹುಲ್ಲಿಗೆ ಬೆಂಕಿ ಹತ್ತಿಸುವಷ್ಟು ಕಾಯುತ್ತದೆ. ಪ್ಲೇಟಿನ ಮೇಲೆ ಸಿಕ್ಕಿಬಿದ್ದ ಹುಲ್ಲನ್ನು ಪ್ರತಿ ಓಡಾಟದ ಬಳಿಕ ತೆಗೆಯಲೇಬೇಕು. ಮಾರ್ಚ್ ತಿಂಗಳ ಕಾಡಿನಂಚಿನಲ್ಲಿ ಇದನ್ನು ಮರೆತರೆ ಗಾಡಿ ಮಾತ್ರವಲ್ಲ, ಗುಡ್ಡವೇ ಉರಿಯಬಹುದು.

ಪ್ಲೇಟ್ ಮಾಡಲಾಗದ್ದು

ಗ್ರೌಂಡ್ ಕ್ಲಿಯರೆನ್ಸ್ ಪ್ಲೇಟಿನಿಂದ ಹೆಚ್ಚುವುದಿಲ್ಲ. ಗಟ್ಟಿ ಆಕ್ಸಲಿನ ಗಾಡಿಯಲ್ಲಿ ನೆಲಕ್ಕೆ ಅತಿ ಹತ್ತಿರ ಇರುವುದು ಡಿಫರೆನ್ಷಿಯಲ್ ಗಂಟು. ಅದು ಚಕ್ರಗಳ ಜೊತೆಗೇ ಏರಿಳಿಯುವುದರಿಂದ ಚಾಸಿಗೆ ಕೂರಿಸಿದ ಪ್ಲೇಟ್ ಅದನ್ನು ಕಾಯಲಾರದು. ಅಲ್ಲಿ ಮುಖ್ಯವಾಗಿ ಕಾಯುವುದು ಚಾಲಕರು ಆರಿಸಿದ ಜಾಡು ಮತ್ತು ವೇಗ. 1,200 ಕಿಲೊ ಗಾಡಿಯ ಚಲನಶಕ್ತಿ ಗಂಟೆಗೆ 10 ಕಿಲೋಮೀಟರ್ ವೇಗದಲ್ಲಿ ಸುಮಾರು 4,600 ಜೂಲ್, 20ರಲ್ಲಿ 18,500. ವೇಗ ಅರ್ಧ ಮಾಡಿದರೆ ಪೆಟ್ಟಿನ ಶಕ್ತಿ ಕಾಲು ಭಾಗಕ್ಕೆ ಇಳಿಯುತ್ತದೆ. ಲೋ ಗೇರಿನಲ್ಲಿ ತೆವಳುವುದು ಯಾವ ಪ್ಲೇಟಿಗಿಂತಲೂ ದೊಡ್ಡ ರಕ್ಷಣೆ.

ಹಾಗಂತ ಪ್ಲೇಟ್ ಬೇಡ ಎನ್ನಲಾರೆ. ಸಂಪ್ ಒಡೆದರೆ ಮೂರ್ನಾಲ್ಕು ಲೀಟರ್ ಆಯಿಲ್ ಹರಿಯುವುದು ಯಾರದೋ ತೋಟಕ್ಕೆ, ಹಳ್ಳಿಯವರು ಕುಡಿಯುವ ಹಳ್ಳಕ್ಕೆ. ಅಂಥ ದಾರಿಗೆ ಗಾಡಿ ಇಳಿಸುವವರು ಅದರ ಹೊಟ್ಟೆಯನ್ನು ಭದ್ರಪಡಿಸಿಕೊಂಡೇ ಹೋಗಬೇಕು. ಅದಾದ ಮೇಲೂ ಹಳ್ಳದ ಪಾತ್ರದೊಳಗೆ ಚಕ್ರ ಇಳಿಸಬಾರದು. ಪ್ಲೇಟ್ ಕೊಳ್ಳುವ ಮುನ್ನ ಗಾಡಿಯನ್ನು ರ‍್ಯಾಂಪಿಗೆ ಏರಿಸಿ, ಕೆಳಗೆ ನಿಂತು ಒಮ್ಮೆ ನೋಡಿ. ಪೆಟ್ಟು ಬಿದ್ದ ಜಾಗದಿಂದ ಚಾಸಿಯವರೆಗೆ ಬಲ ಸಾಗುವ ದಾರಿಯನ್ನು ಬೆರಳಿಟ್ಟು ತೋರಿಸಲು ಮಾರುವವರಿಗೆ ಬಾರದಿದ್ದರೆ ಆ ಪ್ಲೇಟ್ ಬೇಡ.